ಏಳು ನೀರಿನ ಕಾಡವರೆ

ಬೆಟ್ಟದ ಬುಡದಲ್ಲಿ ಒಂದೂರು, ಅಲ್ಲೊಬ್ಬ ಸಾಹುಕಾರ ಅಂತ ಇಟ್ಟುಕೊಳ್ಳಿ. ಮನೆ ತುಂಬ ಆಳುಕಾಳು. ಬೆನ್ನಿಗೆ ಬಿದ್ದ ತಮ್ಮ ಮಾತ್ರ ಹೊಸ್ತಿಲು ತುಳಿಯುತ್ತಿರಲಿಲ್ಲ. ಯಾಕೆ? ಆರು ವರ್ಷದ ಹಿಂದೆ ಬೀಗರೆದುರು ಅವನನ್ನು 'ದಂಡಪಿಂಡ' ಅಂದುಬಿಟ್ಟಿದ್ದ. ಒಂದೇ ಮಾತು, ನೋಡಿ. ಆರು ವರ್ಷ!

ವಯಸ್ಸಾಯಿತು, ತಮ್ಮ ಬೇಕು ಅನ್ನಿಸಿತು. ಆದರೆ ತಪ್ಪಾಯಿತು ಅನ್ನಲು ಸಾಹುಕಾರರ ನಾಲಿಗೆ ಹೊರಳುತ್ತದೆಯೇ? ಊಟಕ್ಕೆ ಹೇಳಿಕಳಿಸಿದ. ತಮ್ಮನಿಗೆ ಕಾಡವರೆ ಅಂದರೆ ಪ್ರಾಣ. ಆ ಬೆಟ್ಟದ ಬಂಡೆಸಂದಿ ಬಿಟ್ಟು ಬೇರೆಲ್ಲೂ ಬೆಳೆಯದ ಬಳ್ಳಿ ಅದು. ಇಡೀ ಬೆಟ್ಟ ಸುತ್ತಿದರೂ ವರ್ಷಕ್ಕೊಂದು ಮೊರ ಕಾಳು. ಬೆಟ್ಟದ ಮೇಲಿದ್ದ ಮುದುಕಿಯೊಬ್ಬಳು ಎರಡು ಬೊಗಸೆ ತಂದುಕೊಟ್ಟು ಹೇಳಿದಳು: "ಏಳು ನೀರಲ್ಲಿ ಬೇಯಿಸಬೇಕು ಧಣಿ, ಏಳನ್ನೂ ಚೆಲ್ಲಬೇಕು. ಕಹಿ ಕಾಳು."

ಸಾಹುಕಾರ ತಾನೇ ಒಲೆ ಮುಂದೆ ಕೂತ. ಒಂದು ನೀರು ಚೆಲ್ಲಿಸಿದ, ಎರಡು ಚೆಲ್ಲಿಸಿದ, ಮೂರು. ನಾಲ್ಕನೆಯದು ಕೆಂಪಗೆ, ಘಮಘಮ. ಹೆಂಡತಿ ಪಾತ್ರೆ ಬಗ್ಗಿಸಲು ಹೋದರೆ ಕೈ ಹಿಡಿದ.

"ಸತ್ವವೆಲ್ಲ ನೀರಿಗಿಳಿದಿದೆ. ಬಚ್ಚಲಿಗೆ ಸುರಿಯೋಕೆ ಹುಚ್ಚೇನೇ? ಒಗ್ಗರಣೆ ಹಾಕು!"

"ಮುದುಕಿ ಏಳು ಅಂದಳಲ್ಲ?"

"ಅವಳಿಗೆ ಬೆಟ್ಟದ ಮೇಲೆ ಬೇರೇನು ಕೆಲಸ?"

ತಮ್ಮ ಬಂದ. ಒಂದು ತುತ್ತು ಬಾಯಿಗಿಟ್ಟ, ಮುಖ ಕಿವುಚಿದ, ಎಲೆ ಬಿಟ್ಟು ಎದ್ದ. "ಆರು ವರ್ಷ ಆದಮೇಲೆ ಕರೆದು ಬೇವು ಬಡಿಸ್ತೀಯೇನಣ್ಣ?"

'ಬಿಟ್ಟಿ ಊಟಕ್ಕೆ ಬಂದವನಿಗೆ ಎಷ್ಟು ಕೊಬ್ಬು!' ಸಾಹುಕಾರನ ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಾಗಿತ್ತು. ಬಾಯಿ ತೆರೆದ. ತಮ್ಮನ ಒಂದು ಕಾಲು ಆಗಲೇ ಹೊಸ್ತಿಲಾಚೆ ಇತ್ತು. ತೆರೆದ ಬಾಯಿಗೆ ತಾನೇ ಒಂದು ತುತ್ತು ತುರುಕಿಕೊಂಡ. ಕಹಿ ಅಂದರೆ ಕಹಿ! ಕಣ್ಣಲ್ಲಿ ನೀರು.

"ಕೂತ್ಕೊಳೋ ಮಾರಾಯ. ತಪ್ಪು ನನ್ನದೇ. ಇದನ್ನು ಚೆಲ್ಲಿ, ಇನ್ನೂ ಮೂರು ನೀರು ಬೇಯಿಸಬೇಕು."

ತಮ್ಮ ಹೊಸ್ತಿಲಾಚೆಯ ಕಾಲನ್ನು ಒಳಗಿಟ್ಟ. ಆಮೇಲೆ ಅಡುಗೆಮನೆಗೆ ಹೋಗಿ ಪಾತ್ರೆಗೆ ಕೈಚಾಚಿದ. "ಕೊಡು ಇಲ್ಲಿ. ಚೆಲ್ಲೋದು ನಿನ್ನ ಕೈಲಾಗೋ ಕೆಲಸವಲ್ಲ."

ಮಧ್ಯಾಹ್ನದ ಊಟ ಸಂಜೆಗೆ ಹೋಯಿತು. ತಡವಾಯಿತು ಅಂತ ಯಾರಿಗೂ ಅನ್ನಿಸಲಿಲ್ಲ.

ಸಾಹುಕಾರನನ್ನು ನೋಡಿ ನಕ್ಕಿರಿ, ಸಂತೋಷ. ಈಗ ನಿಮ್ಮ ಒಲೆಗೆ ಬರೋಣವೇ? ಇವತ್ತು ಮನೆಗೆ ಹೋಗುತ್ತೀರಿ, ಸಾರಿಗೆ ಉಪ್ಪು ಹೆಚ್ಚಾಗಿರುತ್ತದೆ. ತಕ್ಷಣ ಒಳಗೊಂದು ಮಾತು ಕುದಿಯುತ್ತದೆ. ಒಳ್ಳೆ ಬಣ್ಣ, ಒಳ್ಳೆ ಘಮ, ಆಡಲೇಬೇಕು ಅನ್ನಿಸುತ್ತದೆ. ಚೆಲ್ಲಿ. ಎರಡನೆಯದು ಸೊಸೆಯ ತವರಿನ ಮೇಲಿರುತ್ತದೆ. ಅದನ್ನಂತೂ ಚೆಲ್ಲಲೇಬೇಕು. ಚೆಲ್ಲುತ್ತಾ ಹೋಗಿ, ಬೇಸರಪಡಬೇಡಿ. ಏಳೂ ಚೆಲ್ಲಿದ ಮೇಲೆ ಉಳಿಯುವುದು ಇಷ್ಟೇ: 'ಸ್ವಲ್ಪ ಮೊಸರು ಹಾಕಮ್ಮ.'

ಅಷ್ಟನ್ನು ಹೇಳಿ, ಊಟ ಮಾಡಿ.