ತಂತಿ ಮೇಷ್ಟ್ರ ಕೈ

ಆ ದೀಪ ಸ್ವಲ್ಪ ಸಣ್ಣ ಮಾಡಿ. ಹ್ಞಾಂ... ಸಾಕು. ಇದು ಎಲ್ಲೋ ಕೇಳಿ ಬಂದದ್ದಲ್ಲ, ಯಾರೋ ಕಟ್ಟಿ ಹೇಳಿದ್ದೂ ಅಲ್ಲ. ನಮ್ಮ ಚಿಕ್ಕಮ್ಮನ ಮಗಳಿಗೇ ಆಗಿದ್ದು. ನನಗೆ ಅಕ್ಕ ಆಗಬೇಕು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವ ಕೆಲಸ ಅವಳದು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮತ್ತೆ ಉಜ್ಜುತ್ತಾಳೆ. ಅಂಥವಳು ಇಲ್ಲದ್ದನ್ನು ಇದೆ ಅನ್ನುವವಳಲ್ಲ.

ಆ ರಾತ್ರಿ ಅಂಗಡಿ ಮುಚ್ಚುವುದು ತಡವಾಗಿ, ಅಕ್ಕ ಒಬ್ಬಳೇ ಬಿರಬಿರನೆ ಮನೆಗೆ ಬರುತ್ತಿದ್ದಳು. ದಾರಿಯಲ್ಲಿ ಒಂದು ಹಳೆಯ ಬಾವಿ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ, ರಾಟೆಯನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ. ಗಾಳಿ ಎದ್ದಿತ್ತು. ರಾಟೆ ಕಿರ್ರ್... ಅನ್ನುವುದು, ನಿಲ್ಲುವುದು. ಮತ್ತೆ ಕಿರ್ರ್... ಜಾಲರಿ ಒಮ್ಮೆ ಟಣ್ ಅಂದಿತು.

"ಯಾರದು?" ಕತ್ತಲೊಳಗಿಂದ ಪಿಸುದನಿ.

"ನಾನು ತಾತಾ." ಬೀದಿ ಕಾಯುವ ಮುದುಕ ಅಂತ ಅವಳಿಗೆ ಗೊತ್ತಿತ್ತು.

"ಗಾಳಿ ಸರಿಯಿಲ್ಲ ಇವತ್ತು. ನಿಲ್ಲಬೇಡ, ಹೋಗಮ್ಮ."

ಬಾವಿಯೊಳಗಿಂದ ಏನೋ ಎದ್ದು ಬರುತ್ತೆ ಅಂತ ಕಾಯ್ತಿದ್ದೀರಿ ಅಲ್ಲವೇ? ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತೆ. ಬಾವಿಯಲ್ಲಿ ಕಪ್ಪೆ ಇದೆ. ಅಷ್ಟೇ. ಇದು ಬಾವಿಯ ಕತೆಯಲ್ಲ.

ಅಕ್ಕನ ಅವಸರಕ್ಕೆ ಕಾರಣ ಬೇರೆ. ಅವತ್ತು ಅವಳು ಜೀವನದಲ್ಲೇ ಮೊದಲ ಸಲ ಹ್ಯಾಮ್ ರೇಡಿಯೋದಲ್ಲಿ ಸಮುದ್ರದಾಚೆಗೆ ಸುದ್ದಿ ಕಳಿಸಬೇಕಿತ್ತು. ಸಾವಿನ ಸುದ್ದಿ.

ಆ ವಿದ್ಯೆ ಅವಳಿಗೆ ಕಲಿಸಿದವರು ತಂತಿ ಮೇಷ್ಟ್ರು. ಮೊದಲೆಲ್ಲ ಟೆಲಿಗ್ರಾಂ ಕಚೇರಿಯಲ್ಲಿ ಕಟ್ಟು-ಕಡ ಅಂತ ತಂತಿ ಕಳಿಸುವ ಕೀಲಿ ಕುಟ್ಟುತ್ತಿದ್ದವರು. ಕಚೇರಿ ಮುಚ್ಚಿತು, ಮೇಷ್ಟ್ರ ಕೈ ಮಾತ್ರ ಸುಮ್ಮನಿರಲಿಲ್ಲ. ಪರೀಕ್ಷೆ ಕಟ್ಟಿ, ಲೈಸೆನ್ಸು ತಗೊಂಡು, ಮನೆಯಲ್ಲೇ ಒಂದು ರೇಡಿಯೋ ಸೆಟ್ಟು ಇಟ್ಟರು. ಸಮುದ್ರದಾಚೆ ಅವರಿಗೊಬ್ಬ ಗೆಳೆಯ. ಒಬ್ಬರ ಮುಖ ಒಬ್ಬರು ಕಂಡವರಲ್ಲ. ವಾರಕ್ಕೊಂದು ರಾತ್ರಿ, ಅದೇ ಹೊತ್ತಿಗೆ, ಕೀಲಿಯಲ್ಲೇ ಹರಟೆ. ಮಳೆ ಬಂತಾ, ಹಲ್ಲುನೋವು ಹೋಯ್ತಾ, ಮೊಮ್ಮಗಳು ನಡೀತಾಳಾ... ಇಂಥವೇ.

ಅಕ್ಕನಿಗೆ ಲೈಸೆನ್ಸು ಬರುವ ಹೊತ್ತಿಗೆ ಮೇಷ್ಟ್ರು ಹಾಸಿಗೆ ಹಿಡಿದಿದ್ದರು. ಮುಂದಿನ ತಿಂಗಳು ಹೋಗಿಬಿಟ್ಟರು. ಅವರ ಹೆಂಡತಿ ಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕನ ಕೈಗೆ ಕೊಟ್ಟು ಅಂದಿದ್ದರು:

"ಆ ಸ್ನೇಹಿತರು ಪಾಪ ಕರೀತಾನೇ ಇರ್ತಾರೆ ಕಣಮ್ಮ. ವಿಳಾಸ ನನಗೆ ಗೊತ್ತಿಲ್ಲ. ನೀನು ಮೊದಲನೇ ಸಲ ಒತ್ತಿದಾಗ... ಅವರಿಗೇ ಹೇಳಿಬಿಡು."

ಅಕ್ಕ ಮೂರನೇ ಮಹಡಿಯಲ್ಲಿ, ತಾರಸಿಯ ಕೆಳಗಿನ ಮನೆಯಲ್ಲಿ ಇದ್ದಳು. ಹಿಂದಿನ ಕೋಣೆಯ ಕಿಟಕಿಯ ಪಕ್ಕ ಮೇಜು ಹಾಕಿ ಸೆಟ್ಟು ಇಟ್ಟಳು. ಅರ್ಥಿಂಗಿಗೆ ಅಂತ ಹೆಬ್ಬೆರಳು ದಪ್ಪದ ತಾಮ್ರದ ತಂತಿಯನ್ನು ಗೋಡೆಯಗುಂಟ ಇಳಿಸಿ, ನೆಲದಲ್ಲಿ ಹೂತ ಸರಳಿಗೆ ಬಿಗಿದಳು. ಕಿಟಕಿಯಿಂದ ಏರಿಯಲ್ ತಂತಿ ಮೇಲಕ್ಕೆ ಹೋಗಿ, ತಾರಸಿಯ ನೀರಿನ ಟ್ಯಾಂಕಿನ ಮೇಲೆ ನಿಲ್ಲಿಸಿದ ಕಂಬಕ್ಕೆ ತಲುಪುತ್ತಿತ್ತು. ಬೀದಿಯ ಕರೆಂಟು ತಂತಿ ಇರುವ ಕಡೆಗೆ ತಲೆಯನ್ನೂ ಹಾಕಬಾರದು, ಗುಡುಗು ಬಂದರೆ ಏರಿಯಲ್ ಕಿತ್ತು ಹೊರಗಿಡಬೇಕು, ಮೊದಲು ಸಣ್ಣ ಶಕ್ತಿಯಲ್ಲಿ ಸರಿ ನೋಡಿ ಆಮೇಲೆ ಪೂರ್ತಿ ಕೊಡಬೇಕು... ಎಲ್ಲ ಮೇಷ್ಟ್ರು ಹೇಳಿದ ಹಾಗೇ ಮಾಡಿದ್ದಳು.

ಮೇಷ್ಟ್ರದು ಎರಡು ಮಾತು ಮಾತ್ರ ಮುರಿಯುವ ಹಾಗೇ ಇರಲಿಲ್ಲ. ಒಂದು, ಮೊದಲು ಕಿವಿ, ಆಮೇಲೆ ಕೈ. ಅಲ್ಲಿ ಯಾರಾದರೂ ಇದ್ದಾರಾ ಅಂತ ಕೇಳಿಸಿಕೊಳ್ಳದೆ ಕೀಲಿ ಒತ್ತಬಾರದು. ಯಾರಾದರೂ 'ಕಾಯಿ' ಅಂದರೆ, ಅವನು ರಾಜನಾಗಲಿ ಜವಾನನಾಗಲಿ, ಕಾಯಬೇಕು. ಇನ್ನೊಂದು, ಏರಿಯಲ್ ಮುಟ್ಟಲು ಮೇಲೆ ಹತ್ತಿದವನ ಜೇಬಿನಲ್ಲಿ ಸೆಟ್ಟಿನ ಫ್ಯೂಸು ಇರಬೇಕು. ಕೆಳಗಿದ್ದವನ ಬಾಯಿಮಾತು ನಂಬಿ ಹತ್ತಬಾರದು.

"ಮನುಷ್ಯ ಮರೀತಾನೆ ಮಗು," ಅನ್ನುತ್ತಿದ್ದರು. "ಜೇಬು ಮರೆಯಲ್ಲ."

ಮನೆಗೆ ಬಂದಾಗ ಎಲ್ಲ ಕತ್ತಲು. ಮಲಗುವ ಕೋಣೆಯ ಬಾಗಿಲು ಮುಚ್ಚಿತ್ತು, ಒಳಗೆ ಫ್ಯಾನು ಗರಗರ ತಿರುಗುತ್ತಿತ್ತು. ನಮ್ಮ ಭಾವ ಬೇಕರಿಯಲ್ಲಿ ಒಲೆಯ ಮುಂದೆ ಕೆಲಸ ಮಾಡುವವನು. ಕೋಳಿಗಿಂತ ಮುಂಚೆ ಏಳಬೇಕು, ಕೋಳಿಯ ಜೊತೆಗೇ ಮಲಗಬೇಕು. ಪಾಪ, ಮಲಗಿದ್ದಾರೆ ಅಂದುಕೊಂಡು ಅಕ್ಕ ಬೆರಳ ತುದಿಯಲ್ಲಿ ನಡೆದು ಹಿಂದಿನ ಕೋಣೆಗೆ ಹೋದಳು. ಮೇಜಿನ ಪುಟ್ಟ ದೀಪ ಹಾಕಿದಳು. ಸೆಟ್ಟಿನ ಗುಂಡಿ ಒತ್ತಿದಳು.

ಸದ್ದಿಲ್ಲ. ಬೆಳಕಿಲ್ಲ.

ನೋಡಿದರೆ ಫ್ಯೂಸು ಇರುವ ಜಾಗ ಖಾಲಿ.

ಹಿಂದಿನ ದಿನ ಸಂಜೆ ಕಂಬಕ್ಕೆ ಕೊನೆಯ ಗಂಟು ಹಾಕಲು ಅವಳೇ ಹತ್ತಿದ್ದಳು. ಫ್ಯೂಸು ಅಂಗಡಿಯ ಕೋಟಿನ ಜೇಬಿಗೆ ಹಾಕಿಕೊಂಡಿದ್ದಳು. "ಥೂ, ವಾಪಸ್ ಹಾಕಲೇ ಇಲ್ಲವಾ ನಾನು? ಕೋಟು ಅಂಗಡೀಲೇ ಇದೆಯಲ್ಲ..." ತನ್ನ ತಲೆಯ ಮೇಲೆ ತಾನೇ ಒಂದು ಮೊಟಕಿಕೊಂಡಳು. ಸೆಟ್ಟಿನ ಜೊತೆ ಮೇಷ್ಟ್ರ ಹೆಂಡತಿ ಒಂದು ಹೊಸ ಫ್ಯೂಸನ್ನೂ ಕೊಟ್ಟಿದ್ದರು. ಅದನ್ನು ತೆಗೆದು ಸಿಕ್ಕಿಸಿದಳು. ಟಿಕ್.

ಸೆಟ್ಟಿನ ದೀಪ ಹೊತ್ತಿಕೊಂಡಿತು.

ಅವಳಿಗೆ ಗೊತ್ತಿಲ್ಲದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಅವಳು ಫ್ಯೂಸನ್ನು ಮರೆತಿರಲಿಲ್ಲ, ಹಿಂದಿನ ದಿನವೇ ಸರಿಯಾಗಿ ವಾಪಸ್ ಹಾಕಿದ್ದಳು. ಭಾವ ಮಲಗಿರಲೂ ಇಲ್ಲ. ಗಾಳಿಗೆ ಏರಿಯಲ್ ಕಟ್ಟಿದ ಗಂಟು ಬಿಚ್ಚಿ ತಂತಿ ಗೋಡೆಗೆ ಪಟಪಟ ಬಡಿಯುತ್ತಿದ್ದದ್ದು ಅವನಿಗೆ ಕೇಳಿಸಿತ್ತು. ಹೆಂಡತಿ ಬಂದು ಬೇಜಾರು ಮಾಡಿಕೊಳ್ಳುವುದರೊಳಗೆ ಕಟ್ಟಿಬಿಡೋಣ ಅಂತ, ಮೇಷ್ಟ್ರ ನಿಯಮದ ಪ್ರಕಾರ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು, ಫ್ಯಾನು ಆರಿಸುವುದನ್ನು ಮರೆತು, ಮೇಲೆ ಹೋಗಿದ್ದ. ಟ್ಯಾಂಕಿನ ಮೇಲೆ. ಅಲ್ಲಿ ಹಿಡಿಯಲು ಕಂಬಿಯಿಲ್ಲ, ತಡೆಗೋಡೆಯಿಲ್ಲ. ಜೇಬಿನಲ್ಲಿ ಫ್ಯೂಸು ಇದೆಯಲ್ಲ, ಇನ್ನೇನು ಭಯ ಅಂತ ಆ ಪುಣ್ಯಾತ್ಮ ತಂತಿಯ ಬರಿತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಕೈಯಲ್ಲಿ ಹಗ್ಗ ಬಿಗಿಯುತ್ತಿದ್ದ.

ಕೆಳಗೆ ಕೀಲಿ ಒತ್ತಿದರೆ ಆ ತುದಿ ಬಾಯಿ ಸುಡುತ್ತದೆ. ಬಾಯಿ ಸುಟ್ಟವನು ಬೆಚ್ಚುತ್ತಾನೆ. ಟ್ಯಾಂಕಿನ ಅಂಚಿನಲ್ಲಿ ಬೆಚ್ಚಿದವನು... ಬೇಡ, ಮುಂದೆ ನೀವೇ ಲೆಕ್ಕ ಹಾಕಿ.

ಗಂಡನಿಗೆ ಎಚ್ಚರವಾಗಬಾರದು ಅಂತ ಅಕ್ಕ ಹೆಡ್‌ಫೋನು ಹಾಕಿಕೊಂಡಳು. ಹೊರಗಿನ ಸದ್ದೆಲ್ಲ ಅಳಿಸಿಹೋಯಿತು. ಕಿವಿಯಲ್ಲಿ ಸರ್ರ್... ಅನ್ನುವ ಮೊರೆತ ಒಂದೇ. ಆಗಾಗ ಎಲ್ಲೋ ದೂರದ ಮಿಂಚಿನ ಚಟ್, ಚಟ್. ಶಕ್ತಿಯ ತಿರುಗುಣಿಯನ್ನು ಪೂರ್ತಿ ತಿರುಗಿಸಿದಳು. ಕೈ ಕೀಲಿಯ ಹತ್ತಿರ ತಂದಳು.

ಕುಯ್-ಕುಯ್ಯ್-ಕುಯ್-ಕುಯ್-ಕುಯ್.

ಒಂದು ಗಿಡ್ಡ, ಒಂದು ಉದ್ದ, ಮತ್ತೆ ಮೂರು ಗಿಡ್ಡ. ಕೀಲಿಯ ಭಾಷೆಯಲ್ಲಿ ಅದರ ಅರ್ಥ ಒಂದೇ. ಕಾಯಿ.

ಮೇಷ್ಟ್ರ ಆ ಗೆಳೆಯರು ಬಂದಿದ್ದಾರೆ, ಇನ್ಯಾರ ಜೊತೆಗೋ ಮಾತಾಡ್ತಿದ್ದಾರೆ ಅಂದುಕೊಂಡಳು. ಕೈ ಹಿಂದೆಗೆದಳು. ಕಾದಳು. ಸರ್ರ್... ಮತ್ತೇನೂ ಇಲ್ಲ. ಮಾತಾಡುತ್ತಿದ್ದರೆ ಮಾತು ಕೇಳಿಸಬೇಕಲ್ಲ? ಹೆಸರಿನ ಬದಲು ಎಲ್ಲರಿಗೂ ಒಂದು ಗುರುತಿನ ಸಂಕೇತ ಇರುತ್ತದೆ, ಅದನ್ನಾದರೂ ಹೇಳಬೇಕಲ್ಲ? ಈ ಮನುಷ್ಯ ಅದನ್ನೂ ಹೇಳಲಿಲ್ಲ.

ಮತ್ತೆ ಕೈ ಮುಂದೆ ತಂದಳು.

ಕುಯ್-ಕುಯ್ಯ್ಯ್-ಕುಯ್-ಕುಯ್-ಕುಯ್.

ಅವಳು ಹೆಡ್‌ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡಳು.

ಬರೆಯುವವರಿಗೆ ಅವರದೇ ಕೈಬರಹ ಇರುವ ಹಾಗೆ ಕೀಲಿ ಒತ್ತುವವರಿಗೂ ಒಂದು ಕೈ ಇರುತ್ತದೆ. ಪಳಗಿದವರು ಕೇಳಿದ ಕೂಡಲೇ ಇದು ಇಂಥವರು ಅನ್ನುತ್ತಾರೆ. ಮೇಷ್ಟ್ರ ಹೆಬ್ಬೆರಳು ಯಾವಾಗಲೋ ಬಾಗಿಲಿಗೆ ಸಿಕ್ಕಿ ಜಜ್ಜಿಹೋಗಿತ್ತು. ಅದಕ್ಕೇ ಅವರ ಉದ್ದ ಸದ್ದು ಬೇಕಾದ್ದಕ್ಕಿಂತ ಒಂದು ಎಳೆ ಹೆಚ್ಚು ಎಳೆಯುತ್ತಿತ್ತು. ಕೊನೆಯ ಗಿಡ್ಡ ಸದ್ದು ಸ್ವಲ್ಪ ಅವಸರದಲ್ಲಿ ಬೀಳುತ್ತಿತ್ತು. ಎರಡು ವರ್ಷ ಅವಳು ಕೇಳಿದ್ದು ಅದೊಂದೇ ಕೈ.

"ಮೇಷ್ಟ್ರೇ...?" ತುಟಿ ಅಲ್ಲಾಡಿತು.

ಸರ್ರ್...

ಇಲ್ಲ, ಭ್ರಮೆ. ದುಃಖದಲ್ಲಿದ್ದೀನಿ, ದಣಿದಿದ್ದೀನಿ, ಅದಕ್ಕೇ ಹೀಗೆ. ಸಮುದ್ರದಾಚೆ ಒಬ್ಬರು ಮುದುಕರು ಕಾಯ್ತಿದ್ದಾರೆ. ಹೊತ್ತು ಮೀರಿದರೆ ಎದ್ದು ಹೋಗುತ್ತಾರೆ, ಮತ್ತೆ ಒಂದು ವಾರ. ಮೇಷ್ಟ್ರ ಮನೆಯ ಅಮ್ಮನಿಗೆ ಏನು ಹೇಳಲಿ? ಒತ್ತಿಬಿಡೋಣ. ಬೆರಳು ಕೀಲಿಯ ಗುಂಡಿಗೆ ತಾಗಿತು...

ಕಿವಿ ಹರಿಯುವಷ್ಟು ಜೋರಾಗಿ ಬಂತು. ಕುಯ್-ಕುಯ್ಯ್ಯ್-ಕುಯ್-ಕುಯ್-ಕುಯ್! ಬಿಡುವಿಲ್ಲ, ಮತ್ತೆ, ಮತ್ತೆ. ಅವಳು ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಎಸೆದಳು.

ಕೋಣೆಯಲ್ಲಿ ನಿಶ್ಶಬ್ದ. ಮತ್ತೆ... ತಲೆಯ ಮೇಲೆ, ಚಾವಣಿಯ ಆಚೆ... ಸರ್. ಸರ್. ರಬ್ಬರ್ ಚಪ್ಪಲಿ ಉಜ್ಜಿದ ಸದ್ದು. ಒಂದು ಕೆಮ್ಮು. ಹತ್ತಿ ಹಿಂಜಿದ ಹಾಗೆ ಕೆಮ್ಮುವ ಗಂಡಸು ಆ ಕಟ್ಟಡದಲ್ಲಿ ಒಬ್ಬನೇ.

ಅವಳು ಫ್ಯೂಸು ಕಿತ್ತಳು, ಮುಷ್ಟಿಯಲ್ಲಿ ಹಿಡಿದಳು, ಓಡಿದಳು. ಮೆಟ್ಟಿಲು ಹೇಗೆ ಹತ್ತಿದಳೋ ಅವಳಿಗೇ ಗೊತ್ತಿಲ್ಲ. ತಾರಸಿಯ ಬಾಗಿಲಲ್ಲಿ ನಿಂತು ನೋಡಿದರೆ ಟ್ಯಾಂಕಿನ ಅಂಚಿನಲ್ಲಿ ಗಂಡ. ಬಾಯಲ್ಲಿ ತಂತಿ. ಅಂಗಿ ಗಾಳಿಗೆ ಉಬ್ಬಿತ್ತು. ಕೂಗಬೇಕು ಅನ್ನಿಸಿತು. ಕೂಗಿದರೆ ತಿರುಗಿ ನೋಡುತ್ತಾನೆ, ತಿರುಗಿದರೆ ಜಾರುತ್ತಾನೆ. ಮೆತ್ತಗೆ ಕರೆದಳು.

"ರೀ..."

"ಉಂ?" ತಂತಿ ಕಚ್ಚಿಕೊಂಡೇ ಅಂದ.

"ಅದನ್ನ ಬಾಯಿಂದ ತೆಗೀರಿ."

ತೆಗೆದ. "ಬಂದ್ಯಾ? ಇನ್ನೊಂದೇ ಗಂಟು ಕಣೆ. ಫ್ಯೂಸ್ ನನ್ನ ಹತ್ರಾನೇ ಇದೆ, ಹೆದರಬೇಡ." ಜೇಬು ತಟ್ಟಿ ತೋರಿಸಿದ.

ಅಕ್ಕ ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಇನ್ನೊಂದು ಫ್ಯೂಸು. ಭಾವ ನೋಡಿದ. ಆಮೇಲೆ ಅವನು ಕುಂಡೆಯ ಮೇಲೆ ಕೂತು, ಮಗುವಿನ ಹಾಗೆ ಜಾರಿಕೊಂಡು ಕೆಳಗಿಳಿದ. ಅವಳು ಅವನ ಅಂಗಿ ಹಿಡಿದುಕೊಂಡು ಗೊಳೋ ಅಂತ ಅತ್ತಳು, ಬೈದಳು, ಮತ್ತೆ ಅತ್ತಳು.

ಭಾವ ಅದುವರೆಗೆ ಹಾಕಿದ ಗಂಟೇ ಸಾಕಷ್ಟು ಬಿಗಿಯಾಗಿತ್ತು. ಇಬ್ಬರೂ ಕೆಳಗೆ ಬಂದು, ಒಟ್ಟಿಗೆ ಕೂತರು. ಈಗ ಫ್ಯೂಸು ಹಾಕಿದ್ದು ಭಾವ. ಹೆಡ್‌ಫೋನಿನಲ್ಲಿ ಸರ್ರ್... ಬಿಟ್ಟರೆ ಬೇರೆ ಸದ್ದಿಲ್ಲ. 'ಕಾಯಿ' ಇಲ್ಲ. ಸ್ವಲ್ಪ ಹೊತ್ತಿಗೆ ದೂರದಿಂದ ಒಂದು ಸಣ್ಣ, ಅಚ್ಚುಕಟ್ಟಾದ ಕೈ ಬಂತು. ಮೇಷ್ಟ್ರ ಸಂಕೇತವನ್ನು ಕರೆಯುತ್ತಿತ್ತು. ಗೆಳೆಯರು.

ಅಕ್ಕ ಉತ್ತರ ಕೊಟ್ಟಳು. ನಾನು ಅವರ ಶಿಷ್ಯೆ. ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು.

ಆ ಕಡೆಯಿಂದ ಒಂದೊಂದೇ ಅಕ್ಷರ ಬಂತು.

ಹಾಗೆಲ್ಲ ಹೇಳಬೇಡ ಮಗು. ಈಗಷ್ಟೇ ಅವನು ಬಂದಿದ್ದ. ಕಾಯಿ ಅಂದ. ಅದಕ್ಕೇ ಕೀಲಿ ಮುಟ್ಟದೆ ಕೂತಿದ್ದೆ. ಅವನ ಕೈ ನನಗೆ ಗೊತ್ತಿಲ್ಲವಾ?

ಅಕ್ಕ ಭಾವನ ಮುಖ ನೋಡಿದಳು. ಭಾವನಿಗೆ ಆ ಭಾಷೆ ಬರದು, ಅವಳ ಮುಖದಲ್ಲೇ ಓದಿಕೊಂಡ.

ಇವರಲ್ಲಿ ಒಂದು ಪದ್ಧತಿ. ಯಾರ ಜೊತೆ ಮಾತಾಡಿದರೂ ನಿನ್ನ ಸದ್ದು ನನಗೆ ಎಷ್ಟು ಗಟ್ಟಿಯಾಗಿ ಕೇಳಿತು ಅಂತ ಹೇಳುತ್ತಾರೆ. ನಮ್ಮಲ್ಲಿ ಚೆನ್ನಾಗಿದ್ದೀರಾ ಅಂತ ಕೇಳುವ ಹಾಗೆ. ಅಷ್ಟು ದುಃಖದಲ್ಲೂ ಗೆಳೆಯರು ಅದನ್ನು ಬಿಡಲಿಲ್ಲ. ನಿನ್ನದು ಸೊಳ್ಳೆ ಗುಂಯ್‌ಗುಟ್ಟಿದ ಹಾಗಿದೆ, ಕಷ್ಟಪಟ್ಟು ಕೇಳ್ತಿದ್ದೀನಿ. ಅವನದು ಪಕ್ಕದ ಮನೆಯಿಂದ ಬಂದ ಹಾಗಿತ್ತು.

ನಂಬದಿದ್ದರೆ ಬಿಡಿ. ಭಾವ ಇದ್ದಾನೆ, ಗಟ್ಟಿಮುಟ್ಟಾಗಿದ್ದಾನೆ. ಬೆಳಗಿನ ಜಾವ ಬೇಕರಿಗೆ ಹೋಗಿ ಕೇಳಿ. ನಾನಂತೂ ಅಕ್ಕನ ಬಾಯಿಂದ ಕೇಳಿದ್ದಕ್ಕೆ ಒಂದಕ್ಷರ ಸೇರಿಸಿಲ್ಲ.

ಮಾರನೇ ದಿನ ಅಕ್ಕ ಮೇಷ್ಟ್ರ ಮನೆಗೆ ಹೋಗಿ ಆ ಅಮ್ಮನಿಗೆ ಎಲ್ಲ ಹೇಳಿದಳು. ಅಮ್ಮ ಹೆದರಲಿಲ್ಲ, ಅಳಲೂ ಇಲ್ಲ. ಕೇಳಿದ್ದು ಒಂದೇ.

"ಎಷ್ಟು ಗಟ್ಟಿಯಾಗಿ ಕೇಳಿಸ್ತಂತೆ?"

"ಪಕ್ಕದ ಮನೇಲಿ ಕೂತು ಒತ್ತಿದ ಹಾಗೆ ಅಂದ್ರು, ಅಮ್ಮ."

"ಸದ್ಯ," ಅಂದರು ಅವರು. "ಕೊನೆಕೊನೆಗೆ ಅವರಿಗೆ ನೀರಿನ ಲೋಟ ಎತ್ತೋಕೂ ಕೈಯಲ್ಲಿ ಶಕ್ತಿ ಇರಲಿಲ್ಲ."