ಎರಡು ಬೆರಳು ಬಟ್ಟೆ

ಬಾವಿಯ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ಇದನ್ನು ಹೇಳಿದಾಗಲೆಲ್ಲ ಕೇಳುವವರು ಬಾವಿಯ ಹತ್ತಿರವೇ ನಿಂತುಬಿಡುತ್ತಾರೆ, ಮುಂದೆ ಬರುವುದೇ ಇಲ್ಲ. ಆ ಬಾವಿಯಲ್ಲಿ ಯಾರೂ ಬಿದ್ದಿಲ್ಲ. ಕಬ್ಬಿಣದ ಜಾಲರಿ ಹಾಕಿ ಎಷ್ಟೋ ಕಾಲವಾಯಿತು, ಬೀಳಬೇಕೆಂದರೂ ಆಗದು. ನನ್ನ ಚಿಕ್ಕಮ್ಮನ ಮಗಳು ರಾತ್ರಿ ಅದರ ಪಕ್ಕ ನಡೆದು ಬಂದಳು, ಅಷ್ಟೇ. ಹೆಗಲ ಚೀಲದಲ್ಲಿ ಒಂದು ಹಳೆಯ ಫ್ರಾಕು ಇತ್ತು.

ರಸ್ತೆ ಖಾಲಿ. ಗಾಳಿ ಇಲ್ಲ. ಬಾವಿ ದಾಟಿದಳು...

ಟಿಕ್.

ನಿಂತಳು. ಏನೂ ಇಲ್ಲ. ನಡೆದಳು... ಟಿಕ್.

ದಾರ ಕಡಿದಾಗ ಬರುವ ಸದ್ದು. ಹಲ್ಲಿನಲ್ಲಿ ಕಡಿದದ್ದಲ್ಲ, ಕತ್ತರಿಯ ತುದಿಯಲ್ಲಿ. ಹೊಲಿಯುವವರಿಗೆ ಎರಡೂ ಬೇರೆ ಬೇರೆ ಕೇಳಿಸುತ್ತದಂತೆ. ಸದ್ದು ಹಿಂದಿನಿಂದ ಬರಲಿಲ್ಲ, ಬಾವಿಯಿಂದಂತೂ ಬರಲಿಲ್ಲ. ಚೀಲದ ಒಳಗಿನಿಂದ ಬಂತು.

ಇವಳು ಮನೆಯಲ್ಲಿ ಎಲ್ಲರಿಗೂ ಪಿನ್ನಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾಳೆ. ಅರ್ಧ ಮಾತು ಯಾರಿಗೂ ತಿಳಿಯುವುದಿಲ್ಲ, ತಿಳಿದ ಅರ್ಧ ಬೈಗುಳ. ಹಳೆಯ ಕಾಲದ ಬಟ್ಟೆಗಳನ್ನು ಹುಡುಕಿ ತಂದು, ಸರಿಮಾಡಿ, ಈಗಿನವರ ಮೈಗೆ ಹೊಂದಿಸಿ ಕೊಡುವುದು ಅವಳ ಕೆಲಸ. ಇದಕ್ಕೀಗ ಬಹಳ ಬೇಡಿಕೆಯಂತೆ. ಅಜ್ಜಿ ತೀರಿಕೊಂಡ ವಾರದಲ್ಲೇ ಬೀರು ಖಾಲಿ ಮಾಡಿಸಿದ ಮೊಮ್ಮಕ್ಕಳು ಈಗ ಬೇರೆಯವರ ಅಜ್ಜಿಯ ಬೀರು ಹುಡುಕಿಕೊಂಡು ಅಲೆಯುತ್ತಿದ್ದಾರೆ. ಹೊಸ ಬಟ್ಟೆಗೆ ಆತ್ಮವೇ ಇಲ್ಲ ಎನ್ನುತ್ತಾರೆ. ಹಳೆಯದಕ್ಕೆ ಇದ್ದರೆ ಏನಾಗುತ್ತದೆ ಎಂಬುದನ್ನು ಯಾರೂ ಪೂರ್ತಿ ಯೋಚಿಸಿದಂತಿಲ್ಲ.

ಬೇಡಿಕೆ ಎಂಬುದು ಪಿನ್ನಿಯ ಮಾತು. ಅವಳ ಅಣ್ಣನ ಕಣ್ಣಿಗೆ ಕಂಡದ್ದು ಬೇರೆ: ಅರ್ಧ ಬಿಚ್ಚಿದ ಬಟ್ಟೆಗಳ ರಾಶಿ, ಕೊಟ್ಟು ಹೋಗಿ ಮರಳಿ ಬಾರದ ಗಿರಾಕಿಗಳು. ಮೆಷಿನ್ ಇದ್ದದ್ದು ಮುಂದಿನ ಕೋಣೆಯಲ್ಲಿ. ಮನೆಯಲ್ಲಿ ಬೆಳಕು ಬೀಳುವ ಕೋಣೆ ಅದೊಂದೇ. ಅಣ್ಣ ಅದಕ್ಕೆ ಒಬ್ಬ ಟ್ಯೂಷನ್ ಮೇಷ್ಟ್ರನ್ನು ಬಾಡಿಗೆಗೆ ಗೊತ್ತು ಮಾಡಿದ್ದ.

“ಈ ಭಾನುವಾರದೊಳಗೆ ಒಂದೇ ಒಂದು ಬಟ್ಟೆ ಮುಗಿಸಿ, ಗಿರಾಕಿ ಮೈಮೇಲೆ ತೋರಿಸು. ಆಮೇಲೆ ಆ ಕೋಣೆ ಸುದ್ದಿ ಎತ್ತಲ್ಲ.”

“ಮುಗಿಸದಿದ್ರೆ?”

“ಮೆಷಿನ್ ಅಟ್ಟಕ್ಕೆ. ನೀನು ದೊಡ್ಡಪ್ಪನ ಆಫೀಸಿಗೆ.”

ದೊಡ್ಡಪ್ಪನ ಆಫೀಸಿನಲ್ಲಿ ಅವಳಿಗಾಗಿ ಒಂದು ಕುರ್ಚಿ ಬಹಳ ದಿನದಿಂದ ಖಾಲಿ ಇದೆ. ಅದರ ಮುಂದೆ ಕಿಟಕಿ ಇಲ್ಲ, ಗೋಡೆ ಇದೆ. ಪಿನ್ನಿಗೆ ದೆವ್ವಕ್ಕಿಂತ ಆ ಕುರ್ಚಿಯ ಭಯ ಹೆಚ್ಚು. ಮುಂದಿನದು ಅರ್ಥವಾಗಬೇಕಾದರೆ ಇದು ನೆನಪಿರಲಿ.

ಭಾನುವಾರಕ್ಕೆ ಇದ್ದ ಬಟ್ಟೆ ಈ ಫ್ರಾಕು. ಕಡು ಹಸಿರು, ಸೊಂಟದಲ್ಲಿ ನೆರಿಗೆ, ಬೆನ್ನಿಗೆ ಪುಟ್ಟ ಪುಟ್ಟ ಗುಂಡಿಗಳ ಸಾಲು. ಹಳೇ ಬಟ್ಟೆ ಅಂಗಡಿಯವನು ನೋಡಿದ ಕೂಡಲೇ ಹೇಳಿದ್ದ: “ಇದು ಬಾವಿ ಎದುರುಮನೆ ಟೈಲರಮ್ಮನ ಕೈ. ತೀರಿಕೊಂಡು ಎಷ್ಟೋ ವರ್ಷ ಆಯ್ತು. ಈಗ ಹಂಗೆ ಯಾರು ಹೊಲೀತಾರೆ?” ಆ ಟೈಲರಮ್ಮನ ಬಗ್ಗೆ ನನ್ನಮ್ಮನೂ ಹೇಳುತ್ತಿದ್ದಳು. ಬಟ್ಟೆ ತಡವಾಗಿ ಕೊಡುವುದು, ಕೇಳಿದರೆ ಗಿರಾಕಿಗೇ ಬೈಯುವುದು, ಒಂದು ಎಳೆ ದಾರವನ್ನೂ ಎಸೆಯದೆ ಗುಂಡಿಗೆ ಸುತ್ತಿಡುವುದು. ಮತ್ತೆ, ಯಾವ ಬಟ್ಟೆಯೇ ಇರಲಿ, ಒಳಗಡೆ ಹೊಲಿಗೆಯ ಆಚೆ ಎರಡು ಬೆರಳು ಬಟ್ಟೆ ಬಿಟ್ಟೇ ಬಿಡುವುದು. ನಾಳೆ ಮೈ ಬಂದರೆ ಬಿಚ್ಚಿ ಸಡಿಲ ಮಾಡಿಕೊಳ್ಳಲಿ ಎಂದು.

ಗಿರಾಕಿ ಹಲ್ಲಿನ ಡಾಕ್ಟರು. ಚಿಕ್ಕ ವಯಸ್ಸು, ಕಡ್ಡಿಯಂಥ ಮೈ. ಭಾನುವಾರ ಅವರ ಹೊಸ ಕ್ಲಿನಿಕ್ಕು ಶುರು; ಅದಕ್ಕೆ ಈ ಫ್ರಾಕು.

“ಹಳೇ ಫೋಟೋದಲ್ಲಿ ಇರ್ತಾರಲ್ಲ, ಹಾಗೆ ಬೇಕು. ಸೊಂಟದ ಹತ್ರ ಬಿಗಿ.”

“ಅವರು ಉಸಿರು ಹಿಡ್ಕೊಂಡು ಫೋಟೋ ತೆಗೆಸ್ಕೋತಿದ್ರು ಮೇಡಂ.”

“ನಾನೂ ಹಿಡ್ಕೋತೀನಿ.”

ಪಿನ್ನಿ ಎರಡೂ ಪಕ್ಕ ಒಳಕ್ಕೆ ಹಿಡಿದು ಹೊಲಿದಳು. ಒಳಗೆ ಮೊದಲೇ ಇದ್ದ ಬಟ್ಟೆಯ ಜೊತೆ ಇದೂ ಸೇರಿ ಸೊಂಟದಲ್ಲಿ ಉಬ್ಬಿತು. ಉಬ್ಬಿದ್ದನ್ನು ಕತ್ತರಿಸಿದಳು. ಕತ್ತರಿಸಿದ ಪಟ್ಟಿಗಳನ್ನು ಸೂಜಿ ಚುಚ್ಚಿಡುವ ಪುಟ್ಟ ದಿಂಬಿಗೆ ತುರುಕಿದಳು. ಫ್ರಾಕನ್ನು ಕ್ಲಿನಿಕ್ಕಿಗೆ ಒಯ್ದು ತೊಡಿಸಿ ನೋಡಿದಳು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಇನ್ನು ಕೆಳಗಿನ ಅಂಚು ಮಡಿಚಿದರೆ ಮುಗಿಯಿತು. ಖುಷಿಯಲ್ಲಿ ವಾಪಸು ನಡೆದು ಬರುವಾಗಲೇ ಬಾವಿ, ಚೀಲ, ಆ ಟಿಕ್.

ಬೆಳಿಗ್ಗೆ ನೋಡಿದರೆ ಎರಡೂ ಪಕ್ಕದ ಹೊಲಿಗೆ ಬಿಚ್ಚಿಹೋಗಿದೆ. ಕಂಕುಳಿನಿಂದ ಕೆಳಗಿನವರೆಗೆ.

ದಾರದ ಅಂಗಡಿಗೆ ಹೋಗಿ ಜಗಳ ತೆಗೆದಳು. “ನಿಮ್ಮ ದಾರ ನಿಲ್ಲಲ್ಲ.”

“ನನ್ನ ಪ್ಯಾಂಟೂ ಇದೇ ದಾರದಲ್ಲಿ ಹೊಲಿದಿದ್ದು,” ಎಂದ ಅವನು. “ನಿಂತಿದೆ, ನೋಡಿ.”

ಮತ್ತೆ ಹೊಲಿದಳು, ಎರಡೆರಡು ಸಾಲು. ಬೆಳಿಗ್ಗೆ ಮತ್ತೆ ಬಿಚ್ಚಿತ್ತು. ಮನೆಯ ಬೆಕ್ಕಿನ ಕೆಲಸವೆಂದುಕೊಂಡು, ಮೂರನೆಯ ಸಲ ಹೊಲಿದು, ಅದನ್ನು ಹೊರಗೆ ಹಾಕಿ ಚಿಲಕ ಹಾಕಿಕೊಂಡು ಮಲಗಿದಳು. ಬೆಳಿಗ್ಗೆ ಬೆಕ್ಕು ಹೊರಗೇ ಇತ್ತು, ಹೊಲಿಗೆಯೂ ಬಿಚ್ಚಿತ್ತು. ಆಗ ನನಗೆ ಫೋನು.

“ಅಕ್ಕ, ಯಾರೋ ನನ್ನ ಹೊಲಿಗೆ ಬಿಚ್ತಿದಾರೆ.”

“ನಿಮ್ಮಣ್ಣ?”

“ಅವನಿಗೆ ಶೂ ದಾರ ಬಿಚ್ಚೋಕೂ ಬರಲ್ಲ.”

“ಹಾಗಾದ್ರೆ ಕಳ್ಳ.”

“ಕಳ್ಳ ಬಿಚ್ಚಿದ ದಾರಾನ ಗುಂಡಿಗೆ ಸುತ್ತಿಟ್ಟು ಹೋಗ್ತಾನಾ?”

ಕತ್ತರಿಸಿದ ಸದ್ದು ಕೇಳಿದ್ದರೂ ಎಲ್ಲಿಯೂ ತುಂಡಾಗದೆ, ಒಂದೇ ಎಳೆಯಾಗಿ ಒಂದು ಗುಂಡಿಗೆ ನೀಟಾಗಿ ಸುತ್ತಿ, ಮೆಷಿನ್ ಮೇಲೆ ಇಟ್ಟಿತ್ತಂತೆ. ನಾನು ಏನು ಹೇಳಲಿ? ನಿದ್ದೆ ಮಾಡು ಎಂದೆ. ಅಣ್ಣನೂ ಹಿಂದಿನಿಂದ ಕೂಗಿದ್ದು ಫೋನಿನಲ್ಲಿ ಕೇಳಿಸಿತು: “ದೆವ್ವ ಆದ್ರೆ ಬಾಡಿಗೆ ಕೊಡುತ್ತಾ ಕೇಳು! ಮೇಷ್ಟ್ರಿಗೆ ಬೇಡ ಅಂತೀನಿ.”

ಶನಿವಾರ ರಾತ್ರಿ ಪಿನ್ನಿ ಮತ್ತೆ ಹೊಲಿದು, ಫ್ರಾಕನ್ನು ಮೊಳೆಗೆ ತೂಗುಹಾಕಿ, ದೀಪ ಆರಿಸಿ, ಮೆಷಿನ್ ಪಕ್ಕದ ಸ್ಟೂಲಿನಲ್ಲಿ ಕೂತಳು. ಬೀದಿದೀಪದ ಬೆಳಕು ಪರದೆಯ ಸಂದಿಯಿಂದ ಒಂದು ಗೆರೆಯಷ್ಟು ಒಳಗೆ ಬಿದ್ದಿತ್ತು.

ಬಹಳ ಹೊತ್ತು ಏನೂ ಇಲ್ಲ.

ಆಮೇಲೆ... ಸರ್... ಬಟ್ಟೆ ಒಳಮಗ್ಗುಲಿಗೆ ತಿರುವಿದ ಸದ್ದು.

ಟಿಕ್.

ಸುರ್ರ್... ದಾರ ಎಳೆದ ಸದ್ದು.

ಫ್ರಾಕು ಅಲ್ಲಾಡುತ್ತಿರಲಿಲ್ಲ. ಅದರ ಪಕ್ಕ ಮಾತ್ರ ಮೇಲಿನಿಂದ ಕೆಳಗೆ ನಿಧಾನವಾಗಿ ತೆರೆದುಕೊಳ್ಳುತ್ತಿತ್ತು. ಟಿಕ್... ಸುರ್ರ್... ಟಿಕ್... ಭಯಕ್ಕೆ ಸ್ಟೂಲನ್ನು ಗೋಡೆಯವರೆಗೆ ಹಿಂದಕ್ಕೆ ಸರಿಸಿದಳು. ಆದರೆ ಹೊಲಿಗೆ ಸೊಂಟದವರೆಗೆ ಬಿಚ್ಚಿದ್ದನ್ನು ಕಂಡಾಗ ಭಯದ ಜಾಗದಲ್ಲಿ ಬೇರೇನೋ ಬಂತು. ವಾರವಿಡೀ ಹೊಲಿದ ಹೊಲಿಗೆಯನ್ನೇ ಹೊಲಿದವರಿಗೆ ಮಾತ್ರ ಬರುವಂಥದ್ದು.

“ಸಾಕು ಮಾಡ್ರೀ!” ಎಂದಳು. “ನಿಮಗೆ ಬೇರೆ ಕೆಲಸ ಇಲ್ವಾ?”

ಸದ್ದು ನಿಂತಿತು.

ಆಮೇಲೆ ಪಿಸುಮಾತು. ಒಣ ಧ್ವನಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡವರ ಮಾತಿನ ಹಾಗೆ...

“ಒಳಗಿನ ಬಟ್ಟೆ ಎಲ್ಲಿ?”

“...ಕತ್ತರಿಸಿದೆ.”

“ಯಾಕೆ?”

“ಉಬ್ಬಿಕೊಳ್ತಿತ್ತು. ಫಿಟ್ಟಿಂಗ್ ಬೇಕಿತ್ತು.”

ಸರ್... ಬಟ್ಟೆ ಮತ್ತೆ ತಿರುವಿದ ಸದ್ದು.

“ಅವಳು ದಪ್ಪ ಆದ್ರೆ?”

“ಆಗಲ್ಲಂತೆ.”

“ಎಲ್ಲಾರೂ ಹಂಗೇ ಅಂದಿದ್ರು.”

ಪಿನ್ನಿ ಎದ್ದು ದೀಪ ಹಾಕಿದಳು. ಕೋಣೆಯಲ್ಲಿ ಯಾರೂ ಇಲ್ಲ. ಸೂಜಿಯ ದಿಂಬನ್ನು ಕತ್ತರಿಯಿಂದ ಸೀಳಿದಳು. ಸೂಜಿಗಳು ಕಿಣಿಕಿಣಿ ಎಂದು ನೆಲಕ್ಕೆ ಉದುರಿದವು. ಒಳಗಿನ ಹಸಿರು ಪಟ್ಟಿಗಳನ್ನು ಎಳೆದು, ಒಂದೊಂದನ್ನೇ ಬಿಡಿಸಿ, ಎಲ್ಲಿಂದ ಕತ್ತರಿಸಿದ್ದಳೋ ಅಲ್ಲಿಗೇ ಕೈಯಲ್ಲಿ ಹೊಲಿಯತೊಡಗಿದಳು. ಹಸಿರು ದಾರದ ಉಂಡೆ ಮುಗಿದಿತ್ತು.

“ಕಪ್ಪು ದಾರಾನೇ ಇರೋದು,” ಎಂದಳು ಗೋಡೆಗೆ.

“...ಹೂಂ.”

ಆ ಹೂಂ ಒಪ್ಪಿಗೆಯದ್ದಲ್ಲವಂತೆ.

“ಹೊಲಿಗೆ ಸಣ್ಣಕ್ಕಿರಲಿ.”

“ಸಣ್ಣಕ್ಕೇ ಹಾಕ್ತಿದೀನಿ.”

“ಇದು ಸಣ್ಣದಾ?”

ಪಿನ್ನಿ ಹಾಕಿದ್ದನ್ನು ಬಿಚ್ಚಿದಳು. ಮತ್ತೆ ಹಾಕಿದಳು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂದು ಸೂಜಿ ಕಾಣಿಸದೆ ಬೆರಳಿಗೇ ಚುಚ್ಚಿಕೊಂಡಳು. ಪಟ್ಟಿಗಳೆಲ್ಲ ಸೇರಿದ ಮೇಲೆ ಕೊನೆಗೆ ಪಕ್ಕದ ಹೊಲಿಗೆ ಉಳಿಯಿತು. ಅದು ಹೊರಗೆ ಕಾಣುವಂಥದ್ದು, ಕಪ್ಪು ನಡೆಯದು.

“ಹಸಿರು ದಾರ ಇಲ್ವಲ್ಲ...”

“ಗುಂಡಿಗೆ ಸುತ್ತಿಟ್ಟಿದೀನಲ್ಲ.”

ಆ ದಾರವನ್ನೇ ಮೆಷಿನ್ನಿಗೆ ಹಾಕಿ, ಬೆಳಕು ಹರಿಯುವ ಹೊತ್ತಿಗೆ ಪಕ್ಕಗಳನ್ನೂ ಕೆಳಗಿನ ಅಂಚನ್ನೂ ಹೊಲಿದು ಮುಗಿಸಿದಳು. ಎದ್ದು ಬಂದ ಅಣ್ಣ ಬಾಗಿಲಲ್ಲಿ ನಿಂತು, “ಯಾರ ಹತ್ರ ಮಾತಾಡ್ತಿದ್ದೆ?” ಎಂದ. “ಗೊತ್ತಿರೋರ ಹತ್ರ,” ಎಂದಳು.

ಈ ಸಲ ಹೊಲಿಗೆ ಬಿಚ್ಚಲಿಲ್ಲ. ಡಾಕ್ಟರು ಫ್ರಾಕು ತೊಟ್ಟು ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತರು, ಉಸಿರು ಹಿಡಿದುಕೊಂಡು. “ಒಳಗೆ ಏನೋ ದಪ್ಪಗಿದೆ,” ಎಂದರು. “ಇರಲಿ ಮೇಡಂ, ಅದೂ ನಿಮ್ಮದೇ,” ಎಂದಳು ಪಿನ್ನಿ. ಅಣ್ಣ ನೋಡಿ, ಕೋಣೆ ಖಾಲಿ ಇಲ್ಲ ಎಂದು ಮೇಷ್ಟ್ರಿಗೆ ಫೋನು ಮಾಡಿದ. ಮೇಷ್ಟ್ರು ಪಕ್ಕದ ಬೀದಿಗೆ ಹೋದರು. ಮೆಷಿನ್ ಬೆಳಕಿನಲ್ಲೇ ಉಳಿಯಿತು.

ಇಲ್ಲಿಗೆ ಮುಗಿದಿದ್ದರೆ ನಾನೂ ಇದನ್ನು ನಿದ್ದೆಗೆಟ್ಟವಳ ಕನಸು ಎಂದು ಬಿಟ್ಟುಬಿಡುತ್ತಿದ್ದೆ. ಮುಗಿಯಲಿಲ್ಲ.

ಡಾಕ್ಟರ ಕ್ಲಿನಿಕ್ಕು ಬೇಕರಿಯ ಪಕ್ಕದಲ್ಲಿದೆ. ಹಲ್ಲಿನ ವ್ಯಾಪಾರಕ್ಕೆ ಅದು ಒಳ್ಳೆಯ ಜಾಗ, ಸೊಂಟಕ್ಕೆ ಅಲ್ಲ. ಮಾರನೆಯ ವರ್ಷ ಫ್ರಾಕು ಹಿಡಿದು ಬಂದರು. “ಸ್ವಲ್ಪ ಸಡಿಲ ಮಾಡೋಕೆ ಆಗುತ್ತಾ?” ಎಂದು ನೆಲ ನೋಡುತ್ತ ಕೇಳಿದರು. ಅವತ್ತು ನಾನು ಅಲ್ಲೇ ಇದ್ದೆ. ಈ ಕಣ್ಣಿಂದಲೇ ನೋಡಿದ್ದು.

ಪಿನ್ನಿ ಫ್ರಾಕು ತಿರುವಿ ಪಕ್ಕದ ಹೊಲಿಗೆ ಬಿಚ್ಚಿದಳು. ಟಿಕ್... ಟಿಕ್... ಒಳಗೆ ಎರಡು ಬೆರಳು ಬಟ್ಟೆ ಇತ್ತು. ಬಣ್ಣ ಮಾಸದ, ಹೊಸದರಂಥ ಹಸಿರು. ಅವಳು ಕಪ್ಪು ಹೊಲಿಗೆಯ ಸಾಲು ಹುಡುಕಿದಳು. ಕಿಟಕಿಯ ಹತ್ತಿರ ಒಯ್ದಳು. ನನ್ನ ಕೈಗೂ ಕೊಟ್ಟಳು. ಬೆರಳಾಡಿಸಿ ನೋಡಿದೆ.

ಜೋಡಣೆ ಇರಲಿಲ್ಲ. ಸೂಜಿಯ ತೂತೂ ಇರಲಿಲ್ಲ. ಮುಂಭಾಗದಿಂದ ಒಳಗಿನ ಅಂಚಿನವರೆಗೆ ಒಂದೇ ಬಟ್ಟೆ.

“ಯಾಕೆ, ಆಗಲ್ವಾ?” ಎಂದರು ಡಾಕ್ಟರು ಗಾಬರಿಯಲ್ಲಿ.

“ಆಗುತ್ತೆ ಮೇಡಂ,” ಎಂದಳು ಪಿನ್ನಿ. “ಆರಾಮಾಗಿ ಉಸಿರಾಡಿ.”

ಅವರು ಹೋದ ಮೇಲೆ ಅವಳು ಮೆಷಿನ್ನಿನ ಡ್ರಾಯರ್ ಎಳೆದು ಗುಂಡಿಯ ಡಬ್ಬಿ ತೆಗೆದಳು. ಎಲ್ಲಕ್ಕಿಂತ ಅಡಿಯಲ್ಲಿ ಒಂದು ಗುಂಡಿ. ಅದಕ್ಕೆ ಕಪ್ಪು ದಾರ, ಎಲ್ಲಿಯೂ ತುಂಡಾಗದೆ, ನೀಟಾಗಿ ಸುತ್ತಿತ್ತು.

ನನ್ನ ಕೋಟಿನ ಗುಂಡಿ ಒಂದು ಬಿದ್ದುಹೋಗಿತ್ತು. ಆ ದಾರದಲ್ಲೇ ಹಾಕಿಕೊಟ್ಟಳು. ಅಂಗಡಿಯಲ್ಲಿ ಹಾಕಿದ್ದ ಉಳಿದ ಗುಂಡಿಗಳು ಒಂದೊಂದಾಗಿ ಉದುರಿ ಹೋದವು. ಇದು ಇದೆ... ಬಾಗಿಲ ಹಿಂದೆ ಕೋಟು ತೂಗುಹಾಕಿದೆ. ನಂಬಿಕೆ ಇಲ್ಲದವರು ಎದ್ದು ಹೋಗಿ ಎಳೆದು ನೋಡಿ.