ಕೊನೆಯ ಫಾರಂ ಇಲ್ಲದ ಪ್ರತಿ

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರೇ, ಈ ವರ್ಷದ ಮೂರು ಸಂಕಲನಗಳನ್ನು ಈಗಷ್ಟೇ ಬಿಡುಗಡೆ ಮಾಡಿದ ಅತಿಥಿಗಳೇ, ನಮ್ಮ ಪ್ರೆಸ್ಸಿನ ಮಾಲೀಕರೇ, ನನ್ನ ಜೊತೆ ಒಂದೇ ಮೇಜಿನ ಸುತ್ತ ಕೂತು ಕಾಗದ ಮಡಿಚುವ ಅಕ್ಕತಂಗಿಯರೇ, ಮೂರನೇ ಸಾಲಿನಲ್ಲಿ ಫ್ಯಾನಿನ ಕೆಳಗೆ ಕುಳಿತಿರುವ ನಮ್ಮ ಅತ್ತೆಯವರೇ ಮತ್ತು ಸಭಿಕರೇ,

ಮೊದಲು ಆ ಭಗವಂತನನ್ನು ನೆನೆಯುತ್ತೇನೆ. ಮೈಕಿನ ಮುಂದೆ ನಿಲ್ಲುವುದು ನನಗೆ ಇದೇ ಮೊದಲು. ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ನಿಂತಿದ್ದೇನೆ. ಈ ಮೇಜು ಅಡ್ಡ ಇರುವುದರಿಂದ ನಿಮಗೆ ಕಾಣುತ್ತಿಲ್ಲ, ಅಷ್ಟೇ.

ನನಗಿಂತ ಮುಂಚೆ ಮಾತಾಡಿದ ದೊಡ್ಡವರು ನನ್ನನ್ನು ಸನ್ಮಾನಿಸುತ್ತಾ, ಈ ವಾರ್ಷಿಕ ಸಂಕಲನಗಳನ್ನು ಇವರಷ್ಟು ವರ್ಷ ಓದಿದವರು ಇನ್ನೊಬ್ಬರಿಲ್ಲ ಎಂದರು. ಸಂಕೋಚವಾಯಿತು. ನಾನು ಓದಿದ್ದು ನಿಜ. ಪ್ರಬಂಧ, ಕಥೆ, ವಿಜ್ಞಾನ, ಮೂರನ್ನೂ ಓದಿದ್ದೇನೆ. ಆದರೆ ಒಂದನ್ನೂ ಪೂರ್ತಿ ಓದಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಅರ್ಥವಾಗಲಿಲ್ಲವೇನೋ ಅಂದುಕೊಳ್ಳಬೇಡಿ. ಕಾರಣ ಬೇರೆ ಇದೆ.

ಪುಸ್ತಕ ಅಂದರೆ ನಿಮಗೆ ಒಂದು, ನಮಗೆ ಹತ್ತು ಹನ್ನೆರಡು ಫಾರಂ. ದೊಡ್ಡ ಹಾಳೆಯನ್ನು ಮಡಿಚಿದರೆ ಹದಿನಾರು ಪುಟ, ಅದು ಒಂದು ಫಾರಂ. ಫಾರಂಗಳನ್ನು ಸಾಲಾಗಿ ಜೋಡಿಸಿ, ಹೊಲಿದು, ರಟ್ಟು ಹಾಕಿದರೆ ಪುಸ್ತಕ. ಜೋಡಿಸುವಾಗ ಕೆಲವು ಪ್ರತಿ ಕೆಡುತ್ತವೆ. ಒಂದರಲ್ಲಿ ನಡುವಿನ ಫಾರಂ ತಲೆಕೆಳಗು, ಇನ್ನೊಂದರಲ್ಲಿ ಕೊನೆಯದೇ ಇಲ್ಲ. ಅಂಥವನ್ನು ಅಂಗಡಿಗೆ ಕಳಿಸುವ ಹಾಗಿಲ್ಲ. ಮಡಿಚುವ ಹೆಂಗಸರಿಗೆ ಹಂಚಿಬಿಡುವುದು ನಮ್ಮ ಪ್ರೆಸ್ಸಿನ ಪದ್ಧತಿ. ಹೀಗೆ ನಮ್ಮ ಮನೆಗೆ ಪ್ರತಿ ವರ್ಷ ಮೂರು ಪುಸ್ತಕ ಬಂದವು. ಮೂರಕ್ಕೂ ಏನಾದರೊಂದು ಊನ.

ಸಂಜೆ ಪ್ರಾರ್ಥನೆ ಮುಗಿದ ಮೇಲೆ ನಾನು ಗಟ್ಟಿಯಾಗಿ ಓದುತ್ತಿದ್ದೆ. ಅತ್ತೆಗೆ ಅಕ್ಷರ ಬರುವುದಿಲ್ಲ. ಕಾಳು ಆರಿಸುತ್ತಾ ಕೇಳುತ್ತಿದ್ದರು. ನಮ್ಮನೆಯವರು ಲಾರಿ ಓಡಿಸುತ್ತಿದ್ದರು. ಊರಲ್ಲಿದ್ದ ದಿನ ಬೆಂಚಿನ ಮೇಲೆ ಮಲಗಿ ಕೇಳುತ್ತಿದ್ದರು. ಮೊದಲ ವರ್ಷ ಒಂದು ಕಥೆ ಅರ್ಧಕ್ಕೇ ನಿಂತಿತು. "ಮುಂದೆ ಇಲ್ಲ ಅತ್ತೆ" ಅಂದೆ.

"ಇಲ್ಲ ಅಂದ್ರೇನು? ಕೂರು ಅಂತ ಹೇಳಿ ಕುರ್ಚಿ ಎಳೆದ ಹಾಗಾಯ್ತಲ್ಲ. ಇರು, ನಾನು ಹೇಳ್ತೀನಿ."

ಹೇಳಿದರು. ಅಂದಿನಿಂದ ನಮ್ಮ ಮನೆಯಲ್ಲಿ ಇಲ್ಲದ ಪುಟಗಳೆಲ್ಲ ಅವರ ಪಾಲು. ಅವರ ಕೈಗೆ ಸಿಕ್ಕ ಕಥೆಯಲ್ಲಿ ಒಂದು ಪ್ರಾಣವೂ ಹೋಗುತ್ತಿರಲಿಲ್ಲ. ಹಾಸಿಗೆ ಹಿಡಿದವಳು ಏಳುತ್ತಿದ್ದಳು, ಓಡಿಹೋದವನು ಬರುತ್ತಿದ್ದ. "ಅಮ್ಮ, ನಿನ್ನ ಕಥೇಲಿ ಯಮನಿಗೆ ಕೆಲಸವೇ ಇಲ್ಲ" ಎಂದು ನಮ್ಮನೆಯವರು ರೇಗಿಸುತ್ತಿದ್ದರು. "ಹೊರಗೆ ಬೇಕಾದಷ್ಟು ಮಾಡ್ತಾನೆ ಬಿಡೋ. ನಮ್ಮ ಅಡಿಗೆಮನೆಗೂ ಬರಬೇಕಾ?"

ವಿಜ್ಞಾನಕ್ಕೂ ಅವರು ಹೆದರಿದವರಲ್ಲ. ಸಾವಿರಾರು ಮೈಲಿ ಹಾರುವ ಹಕ್ಕಿಗೆ ದಾರಿ ಹೇಗೆ ಗೊತ್ತಾಗುತ್ತದೆ ಎಂದು ಒಬ್ಬರು ಬರೆದಿದ್ದರು. ಕಾರಣ ಹೇಳುವ ಹೊತ್ತಿಗೆ ಫಾರಂ ಮುಗಿಯಿತು. "ಅದರಲ್ಲೇನಿದೆ? ಮುಂದಿನ ಹಕ್ಕಿ ಬಾಲ ನೋಡ್ಕೊಂಡು ಹೋಗುತ್ತೆ. ಎಲ್ಲಕ್ಕಿಂತ ಮುಂದಿನದಕ್ಕೆ ದೇವರಿದ್ದಾನೆ." ಪ್ರಬಂಧಗಳಿಗೆ ಮಾತ್ರ ಕೊನೆ ಕಟ್ಟುತ್ತಿರಲಿಲ್ಲ. "ಅದಕ್ಕೆ ಕೊನೆ ಯಾಕೆ? ಹೇಳೋದೆಲ್ಲ ಮೊದಲ ಪುಟದಲ್ಲೇ ಹೇಳಿ ಮುಗಿಸಿದಾನೆ" ಎನ್ನುತ್ತಿದ್ದರು. ಪ್ರಬಂಧಕಾರರು ಕ್ಷಮಿಸಬೇಕು. ಒಮ್ಮೆ ಕಥೆಯೊಳಗೆ ವಿಜ್ಞಾನದ ಫಾರಂ ಸೇರಿಕೊಂಡಿತ್ತು. ಮದುವೆ ಮನೆಯ ಬಾಗಿಲು ತೆರೆದರೆ ಒಳಗೆಲ್ಲ ಎರೆಹುಳುಗಳು. ಅತ್ತೆ ಸ್ವಲ್ಪ ಹೊತ್ತು ಕೇಳಿ, "ಇವರು ಯಾರ ಕಡೆಯೋರು, ಗಂಡಿನ ಕಡೆಯೋರಾ?" ಎಂದರು.

ಎಂಥ ಸಂಜೆಗಳು ಅವು. ಬಡತನ ಇತ್ತು ಅನ್ನುವುದೇ ಈಗ ನೆನಪಾಗುವುದಿಲ್ಲ.

ಆಮೇಲೆ ಒಂದು ದಿನ ಲಾರಿ ತೆಗೆದುಕೊಂಡು ಹೋದ ನಮ್ಮನೆಯವರು ದಾರಿಯಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಇದನ್ನು ಹೇಳಬೇಕೆಂದು ಬಂದವಳಲ್ಲ, ಬಾಯಿಗೆ ಬಂತು. ಅವರು ಮನೆಗೆ ಬರುವ ಹೊತ್ತಾದರೆ ನಾನು ಬಾಗಿಲ ಬಳಿ ಹೋಗಿ ಕೂರುತ್ತಿದ್ದೆ. ತಟ್ಟೆಯಲ್ಲಿ ಅನ್ನ ಆರಿಹೋಗುತ್ತಿತ್ತು. ಅತ್ತೆ ಕರೆಯುತ್ತಿರಲಿಲ್ಲ, ತಾವೂ ತಿನ್ನುತ್ತಿರಲಿಲ್ಲ. ಆ ವರ್ಷದ ಪುಸ್ತಕಗಳು ಮೂಲೆಯಲ್ಲೇ ಬಿದ್ದಿದ್ದವು. ದೇವರ ಮುಂದೆ ಕೂತರೂ ಕೇಳಿಕೊಳ್ಳಲು ನನಗೆ ಏನೂ ಇರಲಿಲ್ಲ.

ಒಂದು ಸಂಜೆ ಅತ್ತೆಯೇ ಕಥೆಯ ಪುಸ್ತಕ ತಂದು ಮಡಿಲಿಗೆ ಹಾಕಿದರು. "ಓದು." ಓದಿದೆ. ಒಬ್ಬ ದೋಣಿಯವನು ಸಮುದ್ರಕ್ಕೆ ಹೋಗುತ್ತಾನೆ. ಹೆಂಡತಿ ಬಾಗಿಲು ತೆರೆದಿಟ್ಟು ಕಾಯುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯಿತು, ಕೊನೆಯ ಫಾರಂ ಇಲ್ಲ. ನಾನು ತಲೆ ಎತ್ತಲಿಲ್ಲ. ಅತ್ತೆ ಎಲ್ಲರನ್ನೂ ಕರೆತಂದವರು, ಇವನನ್ನೂ ಕರೆತರುತ್ತಾರೆ, ಅದನ್ನು ಕೇಳುವ ಶಕ್ತಿ ನನಗಿಲ್ಲ ಅಂದುಕೊಂಡೆ.

ಅವರು ತುಂಬ ಹೊತ್ತು ಕಾಳಿನಲ್ಲಿ ಕೈ ಆಡಿಸಿದರು. "ಅವನು ಬರಲ್ಲ ಕಣೆ" ಎಂದರು. "ಅವಳು ಎದ್ದು ಬಾಗಿಲು ಹಾಕ್ತಾಳೆ. ಕೈ ತೊಳ್ಕೊಂಡು ಊಟಕ್ಕೆ ಕೂರ್ತಾಳೆ. ಅಷ್ಟೇ ಕಥೆ."

ಮಗನನ್ನು ಕಳೆದುಕೊಂಡ ತಾಯಿ ಆಡಿದ ಮಾತು ಅದು. ನಾನು ಎದ್ದು ಬಾಗಿಲು ಹಾಕಿದೆ.

ಈಗ ಈ ಸನ್ಮಾನದ ವಿಷಯ. ವೇದಿಕೆಯಿಂದ ಹೊತ್ತುಕೊಂಡು ಹೋಗಲಾರೆನೆಂದು ಮಾಲೀಕರು ಹಿಂದಿನ ವಾರವೇ ಪುಸ್ತಕಗಳ ಪೆಟ್ಟಿಗೆಯೊಂದನ್ನು ಮನೆಗೆ ಕಳಿಸಿದರು. ಅದರಲ್ಲಿ ಇಷ್ಟು ವರ್ಷಗಳ ಸಂಕಲನಗಳೆಲ್ಲ ಇವೆ, ಎಲ್ಲವೂ ಪೂರ್ತಿ ಪ್ರತಿಗಳು. ಅತ್ತೆ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, "ಇನ್ನೇನು, ನನಗೆ ರಜಾ" ಎಂದರು. ನಕ್ಕುಕೊಂಡೇ ಹೇಳಿದರು, ಆದರೆ ಆಮೇಲೆ ಮಾತು ಕಡಿಮೆಯಾಯಿತು. ಎರಡು ದಿನ ಬಿಟ್ಟು ಕೇಳಿದರು: "ಆ ದೋಣಿಯವನದು ನೋಡಿದ್ಯಾ?"

ನೋಡಿದ್ದೆ. ಪೆಟ್ಟಿಗೆ ಬಿಚ್ಚಿದಾಗ ಮೊದಲು ತೆಗೆದದ್ದೇ ಅದನ್ನು. ಆದರೂ, "ಸಭೆ ಮುಗೀಲಿ ಅತ್ತೆ, ಹೇಳ್ತೀನಿ" ಅಂದೆ.

"ಸಭೇಲೇ ಹೇಳು. ನಾನೂ ಬರ್ತೀನಿ" ಎಂದರು. ಮಂಡಿನೋವು ಇಟ್ಟುಕೊಂಡು ಬಂದಿದ್ದಾರೆ.

ಏನು ಹೇಳಲಿ? ತಾಯಿಯ ಬಾಯಿಂದ ಬಂದ ಮಾತನ್ನು ಅಚ್ಚಾದ ಪುಟ ಸುಳ್ಳು ಅನ್ನಬಹುದೇ? ಸುಳ್ಳು ಅಂದರೆ ಅವರು ತಡೆದುಕೊಂಡಾರೇ? ಒಂದು ವಾರದಿಂದ ಇದನ್ನೇ ದೇವರ ಮುಂದಿಟ್ಟು ಕೇಳಿದ್ದೇನೆ. ಮುಚ್ಚಿಡು ಎಂದು ಅವನು ಹೇಳಲಿಲ್ಲ.

ಅತ್ತೆ, ಪುಸ್ತಕದಲ್ಲಿ ಅವನು ಬರುತ್ತಾನೆ. ಬೆಳಗಿನ ಹೊತ್ತು ದೋಣಿ ಕಾಣುತ್ತದೆ. ಬರೆದವರು ತುಂಬ ಚೆನ್ನಾಗಿ ಬರೆದಿದ್ದಾರೆ, ಅವರಿಗೆ ಒಳ್ಳೆಯದಾಗಲಿ. ಅವರ ಕಥೆಯ ಹೆಂಗಸಿಗೆ ಅದು ಸರಿ. ಆದರೆ ಆ ಫಾರಂ ನಮ್ಮ ಪ್ರತಿಯಲ್ಲಿ ಇದ್ದಿದ್ದರೆ, ಆ ಸಂಜೆ ನಾನು ಅದನ್ನು ಓದಿದ್ದಿದ್ದರೆ, ಈಗಲೂ ಬಾಗಿಲಲ್ಲೇ ಕೂತಿರುತ್ತಿದ್ದೆ. ನನಗೆ ಊಟ ಮಾಡಿಸಿದ್ದು ನೀವು ಹೇಳಿದ ಕೊನೆ.

ಸಭಿಕರೇ, ನಮ್ಮತ್ತೆ ಕಣ್ಣೊರೆಸಿಕೊಳ್ಳುತ್ತಾ ಕೈ ಸನ್ನೆ ಮಾಡುತ್ತಿದ್ದಾರೆ, ಸಾಕು ಇಳಿ ಅಂತ. ಇಳಿಯುತ್ತೇನೆ. ಸನ್ಮಾನ ಮಾಡಿದ ಎಲ್ಲರಿಗೂ, ಪೆಟ್ಟಿಗೆ ಕೊಟ್ಟ ಮಾಲೀಕರಿಗೂ ಕೃತಜ್ಞತೆಗಳು. ಒಂದೇ ಬೇಡಿಕೆ: ಈ ವರ್ಷದ ಕೆಟ್ಟ ಪ್ರತಿಗಳನ್ನು ಹಂಚುವಾಗ ದಯವಿಟ್ಟು ನಮ್ಮ ಮನೆಯನ್ನು ಬಿಡಬೇಡಿ. ಅತ್ತೆಯ ರಜಾ ನಾನು ಮಂಜೂರು ಮಾಡಿಲ್ಲ.

ಎಲ್ಲರಿಗೂ ನನ್ನ ನಮಸ್ಕಾರ.